ಕೆಲಸ ಕೆಟ್ಟ ದಿನದ ಕೂಲಿ

ಆಟಕ್ಕೂ ಜಾತಿ ಇದೆ, ವರ್ಗ ಇದೆ ಅಂದರೆ ಕೆಲವು ಹಿರಿಯರಿಗೆ ನಗು ಬರುತ್ತದೆ. 'ಆಟದ ಬಯಲಿನಲ್ಲಾದರೂ ನಿಮ್ಮ ಜಾತಿ ಪುರಾಣ ಬಿಡ್ರಪ್ಪಾ' ಅನ್ನುತ್ತಾರೆ. ಬಿಡೋಣ. ಅದಕ್ಕೆ ಮುಂಚೆ ಅವರು ನಮಗೊಂದು ಲೆಕ್ಕ ಒಪ್ಪಿಸಲಿ. ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗದ ಮುಂದೆ ರಾತ್ರಿ ಪಾಳಿ ನಿಲ್ಲುವ ಹುಡುಗ, ದಾಬಸ್‌ಪೇಟೆಯ ಕಾರ್ಖಾನೆಯಲ್ಲಿ ಕಾಂಟ್ರಾಕ್ಟು ಕೂಲಿ ಮಾಡುವ ಹುಡುಗ, ಹೊಸಕೋಟೆಯ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಹುಡುಗ, ಇವರಲ್ಲಿ ಒಬ್ಬ ಒಂದು ದಿನ ಪಂದ್ಯ ಆಡೋಕೆ ಹೋದರೆ ಅವನ ಆ ದಿನದ ಕೂಲಿ ಯಾರು ಕೊಡುತ್ತಾರೆ?

ಯಾರೂ ಕೊಡಲ್ಲ. 'ದಿನ ಕೆಡ್ತು' ಅನ್ನುತ್ತಾಳೆ ಅವ್ವ. ನಮ್ಮ ಕೇರಿಗಳ ಎಷ್ಟೋ ಆಟಗಾರರು ಈ ಎರಡು ಮಾತಿನ ಕೆಳಗೆ ಹೂತುಹೋಗಿದ್ದಾರೆ.

ಇದನ್ನು ಈಗ ಯಾಕೆ ಎತ್ತುತ್ತಿದ್ದೇವೆ ಅಂದರೆ, 2025ರ ಜೂನ್ 15ರಿಂದ 29ರವರೆಗೆ ಮುಂಬೈಯಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ಅಂತ ಒಂದು ನಡೆಯಿತು. ಆರು ತಂಡ. ಬೆಂಗಳೂರು ಬ್ರೇವ್‌ಹಾರ್ಟ್ಸ್ ಅಂತ ನಮ್ಮ ಊರಿನ ಹೆಸರು ಹೊತ್ತ ತಂಡವೂ ಅದರಲ್ಲಿತ್ತು. ಫಿಜಿ, ನ್ಯೂಜಿಲೆಂಡ್ ಕಡೆಯ ಹೆಸರಾಂತ ಆಟಗಾರರು ಬಂದರು. ಇನ್ನು ರಗ್ಬಿಯೂ ಒಂದು ವೃತ್ತಿ, ಗಟ್ಟಿ ಮೈಯ ಹಳ್ಳಿ ಹುಡುಗರಿಗೆ ಇದೊಂದು ದಾರಿ ಎಂಬ ಮಾತು ಕೇಳಿಬರುತ್ತಿದೆ. ಒಳ್ಳೆಯ ಮಾತೇ. ಆದರೆ ದಾರಿ ತೋರಿಸುವವನ ಕೈ ನೋಡಿ ಹೊರಡುವ ಕಾಲ ನಮ್ಮ ಅಪ್ಪಂದಿರಿಗೇ ಮುಗಿಯಿತು. ಕೇರಿಯಿಂದ ಮೊದಲ ಸಲ ಪದವಿ ಹೊತ್ತು ತಂದ ನಾವು ಆ ದಾರಿ ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಅಂತ ಓದಿ ನೋಡಬೇಕಾಗಿದೆ.

ಮೊದಲು ಆಟ. ರಗ್ಬಿ ಯೂನಿಯನ್ ಅಂದರೆ ಕಡೆಗೆ ಹದಿನೈದು ಜನ ಆಡುವ ಆಟ. ಮುಂಬೈಯಲ್ಲಿ ನಡೆದದ್ದು ಏಳು ಜನರ ಚಿಕ್ಕ ಆಟ. ಮೊಟ್ಟೆಯಾಕಾರದ ಚೆಂಡು. ಅದನ್ನು ಎದೆಗೊತ್ತಿಕೊಂಡು ಓಡಬೇಕು, ಎದುರಾಳಿ ಹಿಡಿದು ಕೆಡವುತ್ತಾನೆ, ಕೊಸರಿಕೊಂಡು ಹೋಗಿ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಬೇಕು. ಹುತುತು ಆಡಿ ಮಂಡಿ ತರಚಿಕೊಂಡವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೈಗೆ ಮೈ ತಾಗದೆ ಈ ಆಟ ಇಲ್ಲ. ಮೈ ಮುಟ್ಟಿದರೆ ಮೈಲಿಗೆ ಅನ್ನುವ ನಾಡಿಗೆ ಇದಕ್ಕಿಂತ ಒಳ್ಳೆಯ ಆಟ ಬೇಕೇ?

ಆದರೆ ಈ ಆಟಕ್ಕೂ ಒಂದು ಮಡಿ ಇತ್ತು.

ಇಂಗ್ಲೆಂಡಿನ ರಗ್ಬಿ ಎಂಬ ಊರಿನ ಶ್ರೀಮಂತರ ಮಕ್ಕಳ ಶಾಲೆಯಿಂದ ಆಟಕ್ಕೆ ಈ ಹೆಸರು ಬಂತು. ಚೆಂಡು ಮಾಡಿ ಕೊಡುತ್ತಿದ್ದವರು ಅದೇ ಊರಿನ ಚಮ್ಮಾರರು, ವಿಲಿಯಂ ಗಿಲ್ಬರ್ಟ್ ಮತ್ತು ರಿಚರ್ಡ್ ಲಿಂಡನ್. ಒಳಗೆ ಹಂದಿಯ ಮೂತ್ರಕೋಶ, ಮೇಲೆ ಹೊಲಿದ ತೊಗಲು. ಆ ಹಸಿ ಮೂತ್ರಕೋಶಕ್ಕೆ ಬಾಯಿಟ್ಟು ಊದುತ್ತಿದ್ದವಳು ಲಿಂಡನ್ನನ ಹೆಂಡತಿ. ಊದಿ ಊದಿ ಎದೆ ರೋಗ ಹತ್ತಿ ಸತ್ತಳು ಎಂದು ಹೇಳುತ್ತಾರೆ. ಹೊಲಿದವರು ಹೊರಗೆ, ಒದ್ದವರು ಒಳಗೆ. ಈ ಕತೆ ನಮಗೆ ಯಾಕೆ ಹೊಸದಲ್ಲ ಅಂತ ಬಿಡಿಸಿ ಹೇಳಬೇಕಾ?

1871ರಲ್ಲಿ ಲಂಡನ್ನಿನಲ್ಲಿ ರಗ್ಬಿ ಫುಟ್‌ಬಾಲ್ ಯೂನಿಯನ್ ಎಂಬ ಸಂಘ ಹುಟ್ಟಿತು. ಅಷ್ಟರಲ್ಲೇ ಈ ಆಟ ಹಡಗು ಹತ್ತಿ ಕಲ್ಕತ್ತಕ್ಕೂ ಬಂತು. ಅಲ್ಲಿನ ಬಿಳಿಯರು ತಮ್ಮದೊಂದು ಕ್ಲಬ್ಬು ಕಟ್ಟಿ ಕೆಲವೇ ವರ್ಷ ಆಡಿ ಮುಚ್ಚಿದರು. ಮುಚ್ಚುವಾಗ 1878ರಲ್ಲಿ ಉಳಿದಿದ್ದ 270 ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಒಂದು ಬಟ್ಟಲು ಮಾಡಿಸಿದರು. ಹಿಡಿಕೆಗೆ ಮೂರು ನಾಗರ, ಮುಚ್ಚಳದ ಮೇಲೆ ಆನೆ. ಇವತ್ತಿಗೂ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ವರ್ಷ ವರ್ಷ ಸೆಣಸುವುದು ಆ ಕಲ್ಕತ್ತ ಕಪ್ಪಿಗೆ. ರೂಪಾಯಿ ಕರಗಿದ ಆ ಕಾಲದಲ್ಲಿ ನಮ್ಮ ಸೀಮೆಯಲ್ಲಿ ಏನು ಕರಗುತ್ತಿತ್ತು? 1876ರಿಂದ 78ರವರೆಗೆ ಧಾತು ಈಶ್ವರದ ಬರ. ಮೈಸೂರು ಸಂಸ್ಥಾನದ ಸುಮಾರು ಐವತ್ತು ಲಕ್ಷ ಜನರಲ್ಲಿ ಹತ್ತು ಲಕ್ಷದಷ್ಟು ಜನ ಹಸಿದು ಸತ್ತರು. ಅದರಲ್ಲಿ ಕೇರಿಯ ಹೆಣ ಎಷ್ಟು ಅಂತ ಎಣಿಸಿದವರಿಲ್ಲ. ಬಟ್ಟಲಿನ ಬೆಳ್ಳಿಯನ್ನು ಮಾತ್ರ ರೂಪಾಯಿ ಲೆಕ್ಕದಲ್ಲಿ ಎಣಿಸಿಟ್ಟಿದ್ದಾರೆ.

ಈಗ ಮಡಿಯ ವಿಷಯ. ಇಂಗ್ಲೆಂಡಿನ ಉತ್ತರ ಭಾಗದಲ್ಲಿ, ಯಾರ್ಕ್‌ಷೈರ್ ಲ್ಯಾಂಕಷೈರ್ ಕಡೆ, ರಗ್ಬಿಯನ್ನು ಎದೆಗೆ ಹಚ್ಚಿಕೊಂಡವರು ಕಲ್ಲಿದ್ದಲು ಗಣಿಯವರು, ನೂಲಿನ ಗಿರಣಿಯವರು. ಶನಿವಾರವೂ ಅವರಿಗೆ ದುಡಿಮೆ. ಪಂದ್ಯಕ್ಕೆ ಹೋದರೆ ಪಗಾರ ಕಟ್. ಅವರು ಕೇಳಿದ್ದು ಸಂಬಳ ಅಲ್ಲ, ಬಹುಮಾನ ಅಲ್ಲ. ಆಡಿದ್ದಕ್ಕೆ ಕೆಟ್ಟುಹೋದ ಕೆಲಸದ ಕೂಲಿಯನ್ನು ಮಾತ್ರ ತುಂಬಿಕೊಡಿ ಅಂದರು. 1893ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಸಭೆಯಲ್ಲಿ ಇದನ್ನು ಮತಕ್ಕೆ ಹಾಕಿದರು. ಪರವಾಗಿ 136, ವಿರೋಧವಾಗಿ 282. ಬಿತ್ತು. ದೊಡ್ಡವರ ವಾದ ಏನಪ್ಪಾ ಅಂದರೆ, ಆಟವನ್ನು ಆಟಕ್ಕಾಗಿ ಆಡಬೇಕು, ದುಡ್ಡು ಸೋಂಕಿದರೆ ಆಟ ಕೆಡುತ್ತದೆ, ಪುರುಸೊತ್ತಿಲ್ಲದವನು ಆಡದಿದ್ದರಾಯಿತು. ಅಂದರೆ ಹೊಟ್ಟೆ ತುಂಬಿದವನ ಪುರುಸೊತ್ತು ಪವಿತ್ರ, ಹಸಿದವನ ಕೂಲಿ ಮೈಲಿಗೆ.

ಕೂಲಿಗಳು ಸುಮ್ಮನಿರಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಎಂಬ ಊರಿನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್ಬುಗಳು ಸೇರಿ ತಮ್ಮದೇ ಸಂಘ ಕಟ್ಟಿದವು. ಕೆಲಸ ಕೆಟ್ಟ ದಿನಕ್ಕೆ ಆರು ಶಿಲ್ಲಿಂಗ್ ಅಂತ ಗೊತ್ತು ಮಾಡಿಕೊಂಡವು. ರಗ್ಬಿ ಲೀಗ್ ಎಂಬ ಇನ್ನೊಂದು ಆಟ ಬೆಳೆದದ್ದು ಈ ಆರು ಶಿಲ್ಲಿಂಗಿನಿಂದ. ಹಳೆಯ ಯೂನಿಯನ್ನಿನವರು ಏನು ಮಾಡಿದರು ಗೊತ್ತಾ? ಆ ಕಡೆ ಹೋಗಿ ಆಡಿದವನನ್ನು ಮತ್ತೆ ಜೀವಮಾನದಲ್ಲಿ ಒಳಗೆ ಬಿಟ್ಟುಕೊಳ್ಳಲಿಲ್ಲ. ನಮ್ಮ ಹಳ್ಳಿಯಲ್ಲಿ ಇದಕ್ಕೆ ಬಹಿಷ್ಕಾರ ಅನ್ನುತ್ತೇವೆ. ಬೆಂಕಿ ಕೊಡಬೇಡಿ, ನೀರು ಕೊಡಬೇಡಿ ಅನ್ನುವ ಜಾಗದಲ್ಲಿ ಚೆಂಡು ಕೊಡಬೇಡಿ ಅಂದರು, ಅಷ್ಟೇ.

ಈ ಮಡಿ ನೂರು ವರ್ಷ ನಡೆಯಿತು. 1995ರ ಜೂನ್‌ನಲ್ಲಿ ದಕ್ಷಿಣ ಆಫ್ರಿಕಾ, ನ್ಯೂಜಿಲೆಂಡ್, ಆಸ್ಟ್ರೇಲಿಯಾದ ರಗ್ಬಿ ಸಂಘಗಳು ಮರ್ಡೋಕನ ಕಂಪನಿಯ ಜೊತೆ ಹತ್ತು ವರ್ಷಕ್ಕೆ 55 ಕೋಟಿ ಡಾಲರಿನ ಟೀವಿ ಕರಾರು ಮಾಡಿಕೊಂಡವು. ಎರಡೇ ತಿಂಗಳಿಗೆ, ಆಗಸ್ಟ್‌ನಲ್ಲಿ, ರಗ್ಬಿ ಯೂನಿಯನ್ ಆಡಿ ಸಂಬಳ ಪಡೆಯಬಹುದು ಎಂದು ಪ್ಯಾರಿಸಿನಲ್ಲಿ ಸಾರಿದರು. ಗಣಿ ಕೂಲಿಯ ಆರು ಶಿಲ್ಲಿಂಗಿಗೆ ಕೆಟ್ಟುಹೋಗುತ್ತಿದ್ದ ಆಟ 55 ಕೋಟಿ ಡಾಲರಿಗೆ ಕೆಡಲಿಲ್ಲ! ದುಡ್ಡು ಮೇಲಿನಿಂದ ಬಂದರೆ ತೀರ್ಥ, ಕೆಳಗಿನವನು ಕೇಳಿದರೆ ಮೈಲಿಗೆ. ಗೆಳೆಯರೇ, ರಗ್ಬಿ ಆಟಗಾರನ ವೃತ್ತಿ ಬದುಕು ಅನ್ನುವುದು ಹುಟ್ಟಿದ್ದು ಹೀಗೆ.

ಆ ಬದುಕು ಹೇಗಿದೆ? ಎರಡು ಮುಖ ನೋಡೋಣ.

ಸಿಯಾ ಕೋಲಿಸಿ ಹುಟ್ಟಿದ್ದು 1991ರ ಜೂನ್ 16ರಂದು, ದಕ್ಷಿಣ ಆಫ್ರಿಕಾದ ಪೋರ್ಟ್ ಎಲಿಜಬೆತ್ ಪಕ್ಕದ ಜ್ವೀಡೆ ಎಂಬ ಕರಿಯರ ಕೇರಿಯಲ್ಲಿ. ಹುಟ್ಟಿದ ಜನರನ್ನು ಬಣ್ಣ ನೋಡಿ ದಾಖಲಿಸುವ ಕಾನೂನು ರದ್ದಾದದ್ದು ಅದರ ಮಾರನೆಯ ದಿನ. ಹಸಿದು ಬೆಳೆದ ಹುಡುಗ. ಆಯ್ಕೆಯ ಪಂದ್ಯಕ್ಕೆ ಚಡ್ಡಿ ಇಲ್ಲದೆ ಒಳಚಡ್ಡಿಯಲ್ಲೇ ಆಡಿದ. ಹನ್ನೆರಡನೆಯ ವಯಸ್ಸಿಗೆ ದೊಡ್ಡ ಶಾಲೆಯೊಂದು ವಿದ್ಯಾರ್ಥಿವೇತನ ಕೊಟ್ಟು ಒಳಗೆ ಕರೆಯಿತು. ಅನ್ನ ಸಿಕ್ಕಿತು, ಹಾಸಿಗೆ ಸಿಕ್ಕಿತು, ಬೂಟು ಸಿಕ್ಕಿತು. 2018ರಲ್ಲಿ ತನ್ನ ದೇಶದ ರಗ್ಬಿ ತಂಡಕ್ಕೆ ಮೊದಲ ಕರಿಯ ನಾಯಕನಾದ. 2019ರಲ್ಲಿ, 2023ರಲ್ಲಿ ವಿಶ್ವಕಪ್ ಎತ್ತಿದ. ನೋಡಿ ನಮ್ಮ ಎದೆಯೂ ಉಬ್ಬುತ್ತದೆ, ಸುಳ್ಳು ಯಾಕೆ ಹೇಳೋಣ. ಆದರೆ ಒಬ್ಬ ಕೋಲಿಸಿ ಮೇಲೆ ಬಂದನೆಂದು ಜ್ವೀಡೆ ಮೇಲೆ ಬಂದ ಹಾಗಾಯಿತೇ? ಅವನನ್ನು ಎತ್ತಿದ್ದು ರಕ್ತದೊಳಗಿನ ಪ್ರತಿಭೆ ಒಂದೇ ಅಲ್ಲ. ಶಾಲೆ, ಅನ್ನ, ಬೂಟು. ಪ್ರತಿಭೆ ಪಕ್ಕದ ಮನೆಯ ಹುಡುಗನಿಗೂ ಇದ್ದಿರಬಹುದು, ಅವನಿಗೆ ಬೂಟು ಸಿಗಲಿಲ್ಲ.

ಇನ್ನೊಂದು ಮುಖ ಸ್ಟೀವ್ ಥಾಮ್ಸನ್. 2003ರಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದಲ್ಲಿದ್ದವನು. 2020ರಲ್ಲಿ, ಇನ್ನೂ 42ರ ವಯಸ್ಸಿನಲ್ಲಿ, ತನಗೆ ಮರೆವಿನ ರೋಗ ಹತ್ತಿದೆ, ಆ ಕಪ್ಪು ಗೆದ್ದ ಪಂದ್ಯವೇ ನೆನಪಿಗೆ ಬರುತ್ತಿಲ್ಲ ಎಂದು ಹೇಳಿದ. ತಲೆಗೆ ಮತ್ತೆ ಮತ್ತೆ ಬಿದ್ದ ಪೆಟ್ಟಿನ ಫಲ. ಅವನಂತಹ ನೂರಾರು ಮಾಜಿ ಆಟಗಾರರು ರಗ್ಬಿ ಸಂಸ್ಥೆಗಳ ಮೇಲೆ ಕೋರ್ಟಿಗೆ ಹೋದರು. ಆಟ ನಡೆಸುವ ಕ್ಲಬ್ಬುಗಳ ಗತಿಯೇನು? 2022ರಲ್ಲಿ ವೂಸ್ಟರ್ ಮತ್ತು ವಾಸ್ಪ್ಸ್, 2023ರಲ್ಲಿ ಲಂಡನ್ ಐರಿಶ್, ಮೂರು ಹೆಸರಾಂತ ಇಂಗ್ಲಿಷ್ ಕ್ಲಬ್ಬುಗಳು ಸಾಲದಲ್ಲಿ ಮುಳುಗಿದವು. ಆಟಗಾರರು ಸೀಸನ್ನಿನ ನಡುವೆಯೇ ಬೀದಿಗೆ ಬಿದ್ದದ್ದೂ ಉಂಟು. ಮೂವತ್ತು ಮೂವತ್ತೈದು ದಾಟುವ ಹೊತ್ತಿಗೆ ಮುಗಿಯುವ ವೃತ್ತಿ ಇದು. ಅಲ್ಲಿಗೂ ಹೀಗಾದರೆ, ವರ್ಷಕ್ಕೆ ಹದಿನೈದು ದಿನ ನಡೆಯುವ ಲೀಗನ್ನು ತೋರಿಸಿ ಇದೇ ನಿಮ್ಮ ಬದುಕು ಅನ್ನುವವರನ್ನು ನಾವು ಕೇಳಬೇಕು: ಸ್ವಾಮೀ, ಉಳಿದ 350 ದಿನ ನಾವೇನು ತಿನ್ನೋಣ?

ಇದು ದೂರದ ದೇಶದ ಕತೆ ಅನ್ನುವವರಿಗೆ ನಮ್ಮದೇ ನೆಲದ ಕತೆ ಇದೆ. ರಗ್ಬಿಯಲ್ಲಿ ಅಲ್ಲ, ಬಿಳಿಯರ ಇನ್ನೊಂದು ಆಟ ಕ್ರಿಕೆಟ್ಟಿನಲ್ಲಿ. ಪಾಲ್ವಣಕರ್ ಬಾಲೂ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, ಚಮ್ಮಾರರ ಮನೆಯಲ್ಲಿ. ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ಅಂಗಳ ನೋಡಿಕೊಳ್ಳುವ ಕೆಲಸ, ತಿಂಗಳಿಗೆ ನಾಲ್ಕು ರೂಪಾಯಿ. ಸಾಹೇಬರ ಅಭ್ಯಾಸಕ್ಕೆ ಚೆಂಡು ಎಸೆಯಬೇಕು, ಬ್ಯಾಟು ಹಿಡಿಯುವ ಹಾಗಿಲ್ಲ. ಅವನ ಎಸೆತ ಬೇಕು ಅಂತ ಹಿಂದೂಗಳು ತಮ್ಮ ತಂಡಕ್ಕೆ ಕರೆದರು. ಚಹಾ ಮಾತ್ರ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. 1911ರಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋದಾಗ 114 ವಿಕೆಟ್ ತೆಗೆದವನು ಇವನು. ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಅವನಿಗೆ ಕೊನೆಗೂ ಸಿಗಲಿಲ್ಲ. 1920ರಲ್ಲಿ ಅವನ ತಮ್ಮಂದಿರಾದ ವಿಠ್ಠಲ ಮತ್ತು ಶಿವರಾಮ ಈ ಅನ್ಯಾಯಕ್ಕೆ ಸಿಡಿದು ತಂಡ ಬಿಟ್ಟು ಹೊರಬಂದರು. 1923ರಲ್ಲಿ ವಿಠ್ಠಲ ನಾಯಕನಾದ. ಕೇಳಿದ ಮೇಲೆ ಸಿಕ್ಕಿತು, ಕಾದು ಕೂತಾಗ ಸಿಗಲಿಲ್ಲ. ನಮ್ಮ ಪಠ್ಯಪುಸ್ತಕದ ಮಕ್ಕಳಿಗೆ ಎಷ್ಟು ಜನಕ್ಕೆ ಈ ಧಾರವಾಡದ ಹೆಸರು ಗೊತ್ತು, ಮೇಷ್ಟ್ರುಗಳೇ?

ಕಬಡ್ಡಿಗೆ ಬರೋಣ. 2014ರಲ್ಲಿ ಪ್ರೊ ಕಬಡ್ಡಿ ಶುರುವಾಯಿತು. 2023ರ ಹರಾಜಿನಲ್ಲಿ ಒಬ್ಬ ಆಟಗಾರನಿಗೆ 2 ಕೋಟಿ 60 ಲಕ್ಷ ರೂಪಾಯಿಗೂ ಮೇಲೆ ಕೂಗಿದರು. ಮಣ್ಣಿನ ಆಟಕ್ಕೆ ಕೋಟಿ ಬಂತು, ಸಂತೋಷ. ಆದರೆ ಇದೇ ಲೀಗಿನವರು 2016ರಲ್ಲಿ ಹೆಂಗಸರಿಗೆ ಮೂರು ತಂಡದ ಒಂದು ಪಂದ್ಯಾವಳಿ ಮಾಡಿ ಅಲ್ಲಿಗೇ ಕೈಬಿಟ್ಟರು. ಹೆಣ್ಣುಮಕ್ಕಳ ಮೈಯಲ್ಲಿ ಕಸುವಿಲ್ಲವೇ? ಕಾರ್ಕಳ ಕಡೆಯ ಮಮತಾ ಪೂಜಾರಿ ಭಾರತದ ಕಬಡ್ಡಿ ತಂಡವನ್ನು ನಡೆಸಿದವರು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದವರು. ಅವರ ಬದುಕಿಗೆ ನೆಲೆ ಕೊಟ್ಟದ್ದು ಹರಾಜಲ್ಲ, ರೈಲ್ವೆಯ ನೌಕರಿ. ಈ ವ್ಯತ್ಯಾಸವನ್ನು ನಮ್ಮ ವಿದ್ಯಾರ್ಥಿಗಳು ಎದೆಯಲ್ಲಿ ಬರೆದುಕೊಳ್ಳಬೇಕು. ಹರಾಜು ಒಬ್ಬನನ್ನು ಎತ್ತಿ ಹತ್ತು ಜನರನ್ನು ಕನಸಿನಲ್ಲಿ ಮಲಗಿಸುತ್ತದೆ. ನೌಕರಿ ಮನೆ ನಡೆಸುತ್ತದೆ.

ಇನ್ನು ನೆಲ. ಆಡೋಕೆ ಮೊದಲು ಕಾಲಿಡಲು ಜಾಗ ಬೇಕು. ಬೆಂಗಳೂರಿನ ಹೆಸರಿನ ತಂಡ ಮುಂಬೈಯಲ್ಲಿ ಆಡುತ್ತಿದ್ದ ಅದೇ ಜೂನ್ ತಿಂಗಳಲ್ಲಿ, ದೇವನಹಳ್ಳಿಯಲ್ಲಿ ಏನಾಗುತ್ತಿತ್ತು? ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1777 ಎಕರೆ ಜಮೀನನ್ನು ಕೈಗಾರಿಕೆಗೆ ಕಿತ್ತುಕೊಳ್ಳಬೇಡಿ ಅಂತ ರೈತರು, ಅವರಲ್ಲಿ ನಮ್ಮ ದಲಿತ ರೈತರೂ, 2022ರಿಂದ ಕೂತಿದ್ದರು. ಜೂನ್ 25ರಂದು ದೇವನಹಳ್ಳಿ ಚಲೋ ನಡೆಯಿತು. ಪೊಲೀಸರು ಹಿಡಿದು ವ್ಯಾನಿಗೆ ತುಂಬಿದರು. ಅಲ್ಲಿ ಹಿಡಿದು ಕೆಡವಿದರೆ ಚಪ್ಪಾಳೆ, ಇಲ್ಲಿ ಹಿಡಿದು ಕೆಡವಿದರೆ ಕೇಸು. ಆದರೂ ಜನ ಬಿಡಲಿಲ್ಲ. ಜುಲೈ 15ರಂದು ಸರ್ಕಾರ ಭೂಸ್ವಾಧೀನ ಕೈಬಿಟ್ಟಿತು. ಈ ಜಿಲ್ಲೆಯಲ್ಲಿ ಆ ವರ್ಷ ನಡೆದ ದೊಡ್ಡ ಪಂದ್ಯ ಅದು, ಗೆದ್ದವರು ಬರಿಗಾಲಿನವರು. ಊರಿನ ಗೋಮಾಳ, ಕೆರೆ ಅಂಗಳ, ಶಾಲೆ ಬಯಲು ಒಂದೊಂದಾಗಿ ಬೇಲಿಯೊಳಗೆ ಹೋದರೆ ಹುಡುಗರು ಎಲ್ಲಿ ಓಡಬೇಕು? ರನ್‌ವೇ ಮೇಲೆ ಓಡೋಕಾಗುತ್ತಾ?

'ಕೇರಿಗೆ ಮೊದಲು ನೀರು ಬರಲಿ, ಸೂರು ಬರಲಿ, ಆಟ ಆಮೇಲೆ' ಅಂತ ನಮ್ಮೊಳಗೇ ಹೇಳುವ ಗೆಳೆಯರಿದ್ದಾರೆ. ಅವರ ಕಳಕಳಿಗೆ ಶರಣು. ಆದರೆ ನಗು, ಓಟ, ಗೆಲುವು ಎಲ್ಲವನ್ನೂ ಆಮೇಲೆ ಆಮೇಲೆ ಅಂತ ಮುಂದಕ್ಕೆ ಹಾಕಿಯೇ ನಮ್ಮ ಮುತ್ತಾತಂದಿರ ಮೈ ಬರೀ ದುಡಿಯುವ ಯಂತ್ರವಾಯಿತು. ಇನ್ನೊಬ್ಬರ ಗದ್ದೆಯಲ್ಲಿ ಬಗ್ಗಿದ ಮೈ ತನಗಾಗಿ ಒಂದು ಸಲ ನೆಟ್ಟಗೆ ಓಡುವುದಿದೆಯಲ್ಲ, ಅದೂ ಬಿಡುಗಡೆಯೇ. 'ರಗ್ಬಿ ಬಿಳಿಯರದು, ನಮಗ್ಯಾಕೆ' ಅನ್ನುವವರಿಗೂ ಒಂದು ಮಾತು. ಕೂಲಿ ಕೇಳಿದ ಗಣಿಯವರು ಯಾವ ಬಣ್ಣದವರಾದರೂ ನಮ್ಮ ನೆಂಟರು. ಕೂಲಿ ಕೊಡದವನು ಯಾವ ಭಾಷೆ ಆಡಿದರೂ ನಮ್ಮವನಲ್ಲ.

ಹಾಗಾದರೆ ನಾವು ಕೇಳುವುದೇನು?

ಒಂದು, ಕೆಲಸ ಕೆಟ್ಟ ದಿನದ ಕೂಲಿ. ತಾಲ್ಲೂಕು, ಜಿಲ್ಲೆ, ರಾಜ್ಯದ ಪಂದ್ಯಕ್ಕೆ ಆಯ್ಕೆಯಾದ ಕೂಲಿಕಾರ ಹುಡುಗ ಹುಡುಗಿಗೆ, ರಜದಲ್ಲಿ ದುಡಿದು ಓದುವ ವಿದ್ಯಾರ್ಥಿಗೆ, ಆ ದಿನದ ಕನಿಷ್ಠ ಕೂಲಿ, ಬಸ್ ಚಾರ್ಜು, ಊಟ. ಭಿಕ್ಷೆ ಬೇಡ. ಪರಿಶಿಷ್ಟರ ಪಾಲಿನ ಹಣಕ್ಕೆ 2013ರ ಕಾಯ್ದೆಯೇ ಇದೆ. ಅದರಲ್ಲಿ ಇದಕ್ಕೊಂದು ಸಾಲು ಬರೆಯಿರಿ.

ಎರಡು, ಪಂಚಾಯಿತಿಗೊಂದು ಬಯಲು. ದೇವಸ್ಥಾನದ ಮುಂದೆ ಬೇಡ, ಗೌಡರ ಕಣದಲ್ಲಿ ಬೇಡ. ಕೇರಿಯ ಮಗು ಯಾರ ಅಪ್ಪಣೆಯೂ ಇಲ್ಲದೆ ಕಾಲಿಡುವ ಕಡೆ.

ಮೂರು, ಮೊರಾರ್ಜಿ ಶಾಲೆ ಮತ್ತು ಹಾಸ್ಟೆಲುಗಳಲ್ಲಿ ಆಟ ಕಲಿಸುವವರು, ಗಟ್ಟಿ ಊಟ, ಪೆಟ್ಟು ಬಿದ್ದರೆ ಡಾಕ್ಟರು. ತಲೆಗೆ ಪೆಟ್ಟು ಬಿದ್ದ ಹುಡುಗನನ್ನು ಅವತ್ತು ಮತ್ತೆ ಆಡಿಸಬಾರದು. ಪಿ.ಟಿ. ಮೇಷ್ಟ್ರೇ, ಇದು ಮಾತ್ರ ಸರ್ಕಾರದ ಆದೇಶಕ್ಕೆ ಕಾಯುವ ಕೆಲಸವಲ್ಲ, ಸೀಟಿ ನಿಮ್ಮ ಕೈಯಲ್ಲಿದೆ.

ನಾಲ್ಕು, ಆಟ ಮುಗಿದ ಮೇಲೆ ಬದುಕು. ಲೀಗು ನಡೆಸುವವರು ಆಡಿಸಿದಷ್ಟು ದಿನಕ್ಕೆ ಕೂಲಿ, ಮುರಿದ ಮೂಳೆಗೆ ವಿಮೆ, ವರ್ಷ ತುಂಬಿದ ಮೇಲೂ ನೌಕರಿಯ ಭರವಸೆಯನ್ನು ಬರವಣಿಗೆಯಲ್ಲಿ ಕೊಡಲಿ. ಹೆಣ್ಣುಮಕ್ಕಳಿಗೂ ಅಷ್ಟೇ, ಒಂದು ಪೈಸೆ ಕಡಿಮೆಯಿಲ್ಲದೆ.

ಕೊನೆಯದು ನಮಗೆ ನಾವೇ ಹೇಳಿಕೊಳ್ಳುವುದು. ಜೀತವೂ ಒಂದು ಕರಾರೇ ಆಗಿತ್ತು. ಓದಲು ಬಾರದ ಅಜ್ಜಂದಿರು ಹೆಬ್ಬೆಟ್ಟು ಒತ್ತಿದರು, ಮೂರು ತಲೆಮಾರು ತೀರಿಸಿದರು. 1976ರಲ್ಲಿ ಕಾನೂನು ಜೀತವನ್ನು ರದ್ದು ಮಾಡಿತು, ಕರಾರು ಬರೆಯುವವರ ಜಾಣತನವನ್ನು ರದ್ದು ಮಾಡಲಿಲ್ಲ. ನಾಳೆ ನೆಲಮಂಗಲದ ಯಾವುದೋ ಹಟ್ಟಿಯ ಹುಡುಗನ ಮುಂದೆ ಇಂಗ್ಲಿಷಿನಲ್ಲಿ ಬರೆದ ಹತ್ತು ಪುಟ ಇಟ್ಟು, ಬಣ್ಣದ ಅಂಗಿ ತೋರಿಸಿ, ಸಹಿ ಹಾಕು ಅನ್ನುತ್ತಾರೆ. ಅವನ ಪಕ್ಕದಲ್ಲಿ ಕೂತು ಒಂದೊಂದು ಸಾಲನ್ನೂ ಕನ್ನಡದಲ್ಲಿ ಓದಿ ಹೇಳುವುದು ಯಾರ ಕೆಲಸ? ಕೇರಿಯ ಅಕ್ಕಿ ತಿಂದು ಪದವಿ ತಂದ ನಮ್ಮ ಕೆಲಸ. ಪ್ರತಿ ತಾಲ್ಲೂಕಿನಲ್ಲಿ ಇಬ್ಬರು ಪದವೀಧರರು, ಒಬ್ಬರು ಮೇಷ್ಟ್ರು ಈ ಕೆಲಸಕ್ಕೆ ಹೆಗಲು ಕೊಟ್ಟರೆ ಸಾಕು, ಶುರು ಮಾಡಬಹುದು.

ನಮ್ಮ ಮೈ ಬಾಡಿಗೆಗೆ ಬೇಕಾದರೆ ಬಾಡಿಗೆ ಎಷ್ಟು ಅಂತ ನಾವು ಹೇಳುತ್ತೇವೆ. ಕೂಲಿ ಮೊದಲು ಇಡಿ. ಆಮೇಲೆ ಸೀಟಿ ಊದಿ.